ನಾಲ್ಕು ಸ್ಟಾರ್ ಕೊಟ್ಟವರು ಯಾರು?

2017ರ ಡಿಸೆಂಬರ್‌ನಲ್ಲಿ ಸ್ಟಾರ್ ವಾರ್ಸ್ ಸರಣಿಯ ‘ದ ಲಾಸ್ಟ್ ಜೆಡೈ’ ತೆರೆಗೆ ಬಂತು. ಸಿನಿಮಾ ವಿಮರ್ಶೆಗಳನ್ನೆಲ್ಲ ಒಂದೆಡೆ ಸೇರಿಸಿ ಅಂಕ ಹಾಕುವ ರಾಟನ್ ಟೊಮ್ಯಾಟೋಸ್ ಸೈಟ್‌ನಲ್ಲಿ ವಿಮರ್ಶಕರ ಅಂಕ ಶೇ 90ರ ಮೇಲಿತ್ತು. ಅದೇ ಪುಟದಲ್ಲಿ, ಅದರ ಪಕ್ಕದಲ್ಲೇ, ಪ್ರೇಕ್ಷಕರ ಅಂಕ ಶೇ 50ಕ್ಕಿಂತ ಕೆಳಗೆ ಜಾರಿತ್ತು. ಮೊದಲ ದಿನ ಥಿಯೇಟರ್‌ನಲ್ಲೇ ಪ್ರೇಕ್ಷಕರನ್ನು ಕೇಳಿ ಗ್ರೇಡ್ ಕೊಡುವ ಸಿನಿಮಾಸ್ಕೋರ್ ಕಂಪನಿ ಮಾತ್ರ ಅದಕ್ಕೆ ‘ಎ’ ಕೊಟ್ಟಿತ್ತು.

ಹಾಗಾದರೆ ಜನರಿಗೆ ಸಿನಿಮಾ ಇಷ್ಟವಾಯಿತಾ, ಇಲ್ಲವಾ? ವಿಮರ್ಶಕರು ದುಡ್ಡು ತಿಂದು ಹೊಗಳಿದರು ಅಂತ ಒಂದು ಗುಂಪು ಕೂಗಾಡಿತು. ಹೊಟ್ಟೆಕಿಚ್ಚಿನವರೆಲ್ಲ ಸೇರಿ ಬೇಕಂತಲೇ ಅಂಕ ಇಳಿಸಿದರು ಅಂತ ಇನ್ನೊಂದು ಗುಂಪು. ವರ್ಷಗಟ್ಟಲೆ ಜಗಳ ನಡೆಯಿತು. ಅಭಿಮಾನಿಗಳ ನಡುವೆ ಅದು ಇನ್ನೂ ಪೂರ್ತಿ ತಣ್ಣಗಾಗಿಲ್ಲ.

ಈ ಗಲಾಟೆಯಲ್ಲಿ ಒಂದು ಸರಳ ವಿಷಯ ಯಾರ ಕಣ್ಣಿಗೂ ಬೀಳಲಿಲ್ಲ. ಮೂರು ಅಂಕಗಳೂ ಮೂರು ಬೇರೆ ಬೇರೆ ಗುಂಪಿನಿಂದ ಬಂದಿದ್ದವು. ವಿಮರ್ಶಕರದ್ದು ಸಿನಿಮಾ ನೋಡುವುದೇ ಕೆಲಸ. ಸಿನಿಮಾಸ್ಕೋರ್‌ಗೆ ಉತ್ತರ ಕೊಟ್ಟವರು ಮೊದಲ ದಿನವೇ ಟಿಕೆಟ್ ತೆಗೆದುಕೊಂಡು, ಇಷ್ಟಪಡೋಣ ಅಂತಲೇ ಹೋಗಿದ್ದವರು. ರಾಟನ್ ಟೊಮ್ಯಾಟೋಸ್‌ನಲ್ಲಿ ವೋಟು ಹಾಕಿದ ಪ್ರೇಕ್ಷಕರು ಮನೆಗೆ ಹೋದ ಮೇಲೂ ತಡೆದುಕೊಳ್ಳಲಾಗದೆ ಕೂತು ಬರೆದವರು. ಆ ಕಾಲಕ್ಕೆ ಅಲ್ಲಿ ಸಿನಿಮಾ ನೋಡಿದ್ದೀರಾ ಅಂತ ಕೇಳುವವರೂ ಇರಲಿಲ್ಲ. ಮೂರು ಗುಂಪು, ಮೂರು ಉತ್ತರ. ಇದರಲ್ಲಿ ಪಿತೂರಿ ಹುಡುಕಬೇಕಾಗಿಯೇ ಇಲ್ಲ.

ಸ್ಟಾರ್ ಎಷ್ಟು ಅಂತ ನೋಡಿದ ಕೂಡಲೇ ಸಿನಿಮಾ ಹೇಗಿದೆ ಅಂತ ಗೊತ್ತಾಯಿತು ಅಂದುಕೊಳ್ಳುತ್ತೇವೆ. ನನ್ನ ಪ್ರಕಾರ ಅಲ್ಲಿ ನಮಗೆ ಗೊತ್ತಾಗುವುದು ಯಾರು ಬಂದು ವೋಟು ಹಾಕಿದರು ಅನ್ನುವುದೇ ಜಾಸ್ತಿ. ಸಿನಿಮಾದ ಬಗ್ಗೆ ಗೊತ್ತಾಗುವುದು ಸ್ವಲ್ಪ. ಮೊನ್ನೆ ನೋಡಿದ ಸಿನಿಮಾ ಬಗ್ಗೆ ಅಭಿಮಾನಿಯೊಬ್ಬ ಬರೆಯುವ ನಾಲ್ಕು ಸಾಲಿಗೆ ಆ ಸಂಖ್ಯೆಗಿಂತ ಜಾಸ್ತಿ ಬೆಲೆ ಇದೆ. ಆದರೆ ಅವನು ಬರೆಯಬೇಕಾದ್ದನ್ನು ಬರೆದಿದ್ದರೆ ಮಾತ್ರ.

ಅಂಕ ಎಲ್ಲಿಂದ ಬರುತ್ತದೆ

ರಾಟನ್ ಟೊಮ್ಯಾಟೋಸ್ ಶುರುವಾಗಿದ್ದು 1998ರಲ್ಲಿ. ಅಲ್ಲಿನ ಶೇಕಡಾ ಲೆಕ್ಕವನ್ನು ಜನ ತಪ್ಪಾಗಿ ಓದುವಷ್ಟು ಇನ್ಯಾವುದನ್ನೂ ಓದಲಿಕ್ಕಿಲ್ಲ. ಶೇ 90 ಅಂದರೆ ನೂರಕ್ಕೆ ತೊಂಬತ್ತು ಮಾರ್ಕ್ಸ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಹಾಗಲ್ಲ. ಪ್ರತಿ ವಿಮರ್ಶೆಯನ್ನೂ ‘ಪರವಾಗಿಲ್ಲ’ ಅಥವಾ ‘ಬೇಡ’ ಅಂತ ಎರಡೇ ಡಬ್ಬಕ್ಕೆ ಹಾಕುತ್ತಾರೆ. ಮೊದಲ ಡಬ್ಬದಲ್ಲಿ ಎಷ್ಟು ಪಾಲು ಬಿತ್ತು ಅನ್ನುವುದೇ ಆ ಶೇಕಡಾ. ಒಟ್ಟು ಶೇ 60 ಮುಟ್ಟಿದರೆ ಕೆಂಪು ಟೊಮ್ಯಾಟೊ, ಇಲ್ಲದಿದ್ದರೆ ಹಸಿರು ಮಚ್ಚೆ.

ಒಂದು ಲೆಕ್ಕ ಮಾಡಿ ನೋಡೋಣ. ಒಂದು ಸಿನಿಮಾಕ್ಕೆ ಹತ್ತು ವಿಮರ್ಶಕರೂ ಹತ್ತಕ್ಕೆ 6 ಕೊಟ್ಟರು ಅಂದುಕೊಳ್ಳಿ. ಯಾರಿಗೂ ಹುಚ್ಚು ಹಿಡಿಸಲಿಲ್ಲ, ಯಾರಿಗೂ ಬೇಜಾರಾಗಲಿಲ್ಲ. ಹತ್ತೂ ಜನ ಮೊದಲ ಡಬ್ಬದಲ್ಲಿ. ಅಂಕ ಶೇ 100. ಇನ್ನೊಂದು ಸಿನಿಮಾ. ಏಳು ಜನ ತಲೆಮೇಲೆ ಹೊತ್ತುಕೊಂಡು ಹತ್ತಕ್ಕೆ ಹತ್ತು ಕೊಟ್ಟರು. ಮೂವರು ಮೂಗು ಮುರಿದು 5 ಕೊಟ್ಟರು. ಅಂಕ ಶೇ 70. ಸರಾಸರಿ ತೆಗೆದರೆ ಮೊದಲನೆಯದಕ್ಕೆ 6, ಎರಡನೆಯದಕ್ಕೆ 8.5. ಶೇಕಡಾ ನೋಡಿ ಹೋದವನು ಎರಡನೆಯದನ್ನು ಬಿಟ್ಟು ಮೊದಲನೆಯದಕ್ಕೆ ಹೋಗುತ್ತಾನೆ. ಹೊರಗೆ ಬಂದು, ಇದಕ್ಕಾ ಶೇ 100 ಅಂತ ಬೈಯುತ್ತಾನೆ. ಆ ಸೈಟ್ ಸರಾಸರಿ ಅಂಕವನ್ನೂ ಒಳಗೆಲ್ಲೋ ಇಟ್ಟಿರುತ್ತದೆ. ಪೋಸ್ಟರ್ ಮೇಲೆ ಮಾತ್ರ ಅದು ಬರುವುದಿಲ್ಲ.

ಈ ಪದ್ಧತಿಯಿಂದ ಯಾವ ಸಿನಿಮಾಕ್ಕೆ ಲಾಭ ಅಂತ ಯೋಚಿಸಿ. ಯಾರಿಗೂ ನೋವು ಮಾಡದ, ಎಲ್ಲರಿಗೂ ಓಕೆ ಅನಿಸುವ ಸಿನಿಮಾಕ್ಕೆ. ಜನರನ್ನು ಎರಡು ಪಾಲು ಮಾಡುವ ಸಿನಿಮಾಕ್ಕೆ ಪೆಟ್ಟು.

ಸಿನಿಮಾಗಳ ಮಾಹಿತಿ ಇಡುವ, ಯಾರು ಬೇಕಾದರೂ ಹತ್ತಕ್ಕೆ ಅಂಕ ಕೊಡಬಹುದಾದ ಐಎಂಡಿಬಿ ಸೈಟ್ ಇನ್ನೊಂದು ರೀತಿ. ಅದು ಹುಟ್ಟಿದ್ದು 1990ರಲ್ಲಿ, ಯೂಸ್‌ನೆಟ್ ಅನ್ನುವ ಹಳೆಯ ಚರ್ಚಾ ಜಾಲದಲ್ಲಿ ಸಿನಿಮಾ ಹುಚ್ಚರು ಮಾಡಿಕೊಂಡ ಪಟ್ಟಿಗಳಿಂದ. 1998ರಲ್ಲಿ ಅಮೆಜಾನ್ ಅದನ್ನು ಕೊಂಡುಕೊಂಡಿತು. ಅಲ್ಲಿನ ಟಾಪ್ 250 ಪಟ್ಟಿಗೆ ಒಂದು ಸೂತ್ರ ಇದೆ. ವೋಟು ಕಡಿಮೆ ಇದ್ದರೆ ಸಿನಿಮಾದ ಅಂಕವನ್ನು ಎಲ್ಲ ಸಿನಿಮಾಗಳ ಸರಾಸರಿ ಕಡೆಗೆ ಎಳೆಯುತ್ತಾರೆ. ಆ ಎಳೆತದ ಅಳತೆಗೋಲು 25,000 ವೋಟು. ಎಲ್ಲ ಸಿನಿಮಾಗಳ ಸರಾಸರಿ 7 ಅಂತ ಇಟ್ಟುಕೊಳ್ಳಿ. 25,000 ಜನ ವೋಟು ಹಾಕಿ 9 ಬಂದ ಸಿನಿಮಾ, ಪಟ್ಟಿಯ ಲೆಕ್ಕದಲ್ಲಿ 8 ಆಗುತ್ತದೆ. ಲಕ್ಷಗಟ್ಟಲೆ ವೋಟು ಬಂದ ಮೇಲೆ ಎಳೆತ ಸಡಿಲವಾಗುತ್ತದೆ. ಒಂದೇ ವಾರದಲ್ಲಿ ಅಭಿಮಾನಿ ಸಂಘದವರು ನುಗ್ಗಿ ಸಿನಿಮಾವನ್ನು ಮೊದಲ ಸ್ಥಾನಕ್ಕೆ ಕೂರಿಸಬಾರದು ಅನ್ನುವುದು ಇದರ ಉದ್ದೇಶ. ಮಾಮೂಲಿ ರೇಟಿಂಗ್‌ನಲ್ಲೂ ಎಲ್ಲರ ವೋಟಿಗೂ ಒಂದೇ ತೂಕ ಇರುವುದಿಲ್ಲ. ತೂಕ ಹೇಗೆ ಹಾಕುತ್ತಾರೆ ಅಂತ ಕಂಪನಿ ಬಿಟ್ಟುಕೊಡುವುದಿಲ್ಲ. ಬಿಟ್ಟುಕೊಟ್ಟರೆ ಮೋಸ ಮಾಡುವವರಿಗೆ ದಾರಿ ತೋರಿಸಿದಂತೆ, ಅದೂ ನಿಜವೇ.

ಸಿನಿಮಾಸ್ಕೋರ್ ಇವೆರಡಕ್ಕಿಂತ ಹಳೆಯದು. 1970ರ ದಶಕದ ಕೊನೆಯಲ್ಲಿ ಎಡ್ ಮಿಂಟ್ಜ್ ಅನ್ನುವವರು ಅಮೆರಿಕದಲ್ಲಿ ಶುರು ಮಾಡಿದ್ದು. ಮೊದಲ ದಿನ ಥಿಯೇಟರ್‌ನಲ್ಲಿ ಒಂದು ಕಾರ್ಡು ಕೊಡುತ್ತಾರೆ, ಗ್ರೇಡ್ ಗುರುತು ಮಾಡಿ ವಾಪಸ್ ಕೊಡಬೇಕು. ಬರುವವರೆಲ್ಲ ಆಸೆಪಟ್ಟು ಬಂದವರೇ ಆದ್ದರಿಂದ ಇಲ್ಲಿ ‘ಬಿ’ ಬಂದರೂ ನಿರ್ಮಾಪಕರ ಮುಖ ಬಾಡುತ್ತದೆ. 2017ರಲ್ಲಿ ಡ್ಯಾರೆನ್ ಅರೊನೋಫ್ಸ್ಕಿಯ ‘ಮದರ್!’ ಇಲ್ಲಿ ‘ಎಫ್’ ಪಡೆಯಿತು. ಅದೇ ಸಿನಿಮಾಕ್ಕೆ ವಿಮರ್ಶಕರಲ್ಲಿ ಬೇಕಾದಷ್ಟು ಜನ ಭೇಷ್ ಅಂದಿದ್ದರು. ಹಾರರ್ ಸಿನಿಮಾ ಅಂತ ಕಾದು ಬಂದವರಿಗೆ ಬೇರೇನೋ ಸಿಕ್ಕಿತ್ತು. ಈ ಗ್ರೇಡ್ ಅಳೆಯುವುದು ಅದನ್ನೇ: ಟ್ರೇಲರ್ ನೋಡಿ ಕಟ್ಟಿಕೊಂಡ ನಿರೀಕ್ಷೆಗೂ ತೆರೆಯ ಮೇಲೆ ಸಿಕ್ಕಿದ್ದಕ್ಕೂ ತಾಳೆಯಾಯಿತಾ ಅನ್ನುವುದನ್ನು.

ಮಾತಾಡದೆ ಉಳಿದವರು

ಸಿನಿಮಾ ನೋಡಿ ಬಂದವರಲ್ಲಿ ಹೆಚ್ಚಿನವರು ಏನೂ ಬರೆಯುವುದಿಲ್ಲ. ಚೆನ್ನಾಗಿತ್ತು, ಮನೆಗೆ ಹೋಗಿ ಮಲಗಿದರು, ಅಷ್ಟೆ. ಬರೆಯುವವರು ಒಂದೋ ಹುಚ್ಚೆದ್ದು ಖುಷಿಯಾದವರು, ಇಲ್ಲವೇ ಮೈ ಉರಿದುಕೊಂಡವರು. ಆನ್‌ಲೈನ್ ರೇಟಿಂಗ್‌ಗಳ ಬಗ್ಗೆ ನಾನ್ ಹು, ಪಾಲ್ ಪಾವ್ಲೂ ಮತ್ತು ಜೀ ಝಾಂಗ್ 2009ರಲ್ಲಿ ಬರೆದ ಲೇಖನ ಇದನ್ನೇ ತೋರಿಸಿತ್ತು. ವೋಟುಗಳ ಚಿತ್ರ ಬರೆದರೆ ಐದು ಸ್ಟಾರ್ ಹತ್ತಿರ ಎತ್ತರದ ಗುಡ್ಡ, ಒಂದು ಸ್ಟಾರ್ ಹತ್ತಿರ ಸಣ್ಣ ದಿಬ್ಬ, ನಡುವೆ ತಗ್ಗು. ಇಂಗ್ಲಿಷಿನ ಜೆ ಅಕ್ಷರದ ಆಕಾರ. ಕಾರಣವೂ ಎರಡು. ಇಷ್ಟವಾಗಬಹುದು ಅನಿಸಿದ್ದನ್ನೇ ಜನ ದುಡ್ಡು ಕೊಟ್ಟು ತೆಗೆದುಕೊಳ್ಳುತ್ತಾರೆ. ಆಮೇಲೆ ಸುಮಾರಾಗಿತ್ತು ಅನಿಸಿದವರು ಸುಮ್ನೆ ಇದ್ದುಬಿಡುತ್ತಾರೆ.

ಹಾಗಾಗಿ 3.5 ಅನ್ನುವ ಸರಾಸರಿ ಕಂಡರೆ, ಅದು ಮೂರೂವರೆ ಅನಿಸಿದವರ ಅಭಿಪ್ರಾಯ ಅಂತ ತಿಳಿಯಬೇಡಿ. ಎಷ್ಟೋ ಸಲ ಆ ಅಂಕವನ್ನು ಕೊಟ್ಟವರು ಕೈಬೆರಳೆಣಿಕೆಯಷ್ಟೂ ಇರುವುದಿಲ್ಲ. ಐದು ಕೊಟ್ಟವರೂ ಒಂದು ಕೊಟ್ಟವರೂ ಜಗ್ಗಾಡಿ ಅಲ್ಲಿಗೆ ತಂದು ನಿಲ್ಲಿಸಿರುತ್ತಾರೆ. ಸರಾಸರಿಗಿಂತ ಅದರ ಕೆಳಗಿನ ಪಟ್ಟಿ ನೋಡುವುದು ಒಳ್ಳೆಯದು. ಯಾವ ಸ್ಟಾರ್‌ಗೆ ಎಷ್ಟು ಜನ ಅನ್ನುವ ಆ ಸಣ್ಣ ಗೆರೆಗಳಲ್ಲಿ ಸರಾಸರಿಗಿಂತ ಹತ್ತು ಪಟ್ಟು ಜಾಸ್ತಿ ಸುದ್ದಿ ಇರುತ್ತದೆ.

ಮೊದಲು ಮಾತಾಡಿದವನ ಲಾಭ

ಬಿಡುಗಡೆಯಾದ ದಿನ ಬೆಳಗ್ಗೆಯೇ ‘ಬೆಂಕಿ’, ‘ಡಿಸಾಸ್ಟರ್’ ಅಂತ ಬರೆಯುವವರು ಇದ್ದಾರಲ್ಲ, ಅವರ ಮಾತಿಗೆ ಇರಬೇಕಾದ್ದಕ್ಕಿಂತ ಜಾಸ್ತಿ ತೂಕ ಸಿಗುತ್ತದೆ. ಇದು ಬರೀ ಊಹೆ ಅಲ್ಲ.

ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಅನ್ನುವ ಮೂವರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 14,000ಕ್ಕೂ ಹೆಚ್ಚು ಜನ, ಯಾರೂ ಕೇಳಿರದ 48 ಹಾಡು. ಕೆಲವರಿಗೆ ಬರೀ ಹಾಡು ಕೇಳಿಸಿದರು. ಉಳಿದವರನ್ನು ಎಂಟು ಗುಂಪು ಮಾಡಿ, ಅವರವರ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಅಂತಲೂ ತೋರಿಸಿದರು. ಗುಂಪಿನಿಂದ ಗುಂಪಿಗೆ ಹಿಟ್ ಆದ ಹಾಡುಗಳು ಬದಲಾದವು. ತುಂಬಾ ಒಳ್ಳೆಯ ಹಾಡು ಪೂರ್ತಿ ಮುಳುಗಿದ್ದು ಅಪರೂಪ, ತುಂಬಾ ಕೆಟ್ಟದ್ದು ಗೆದ್ದಿದ್ದೂ ಅಪರೂಪ. ನಡುವಿನವುಗಳ ಗತಿ ಮಾತ್ರ ಯಾರ ಕೈಯಲ್ಲೂ ಇರಲಿಲ್ಲ. ಬರೀ ಹಾಡು ಕೇಳಿದವರ ಲೆಕ್ಕದಲ್ಲಿ 26ನೇ ಸ್ಥಾನದಲ್ಲಿದ್ದ ಒಂದು ಹಾಡು ಒಂದು ಗುಂಪಿನಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದಾಯಿತು. ಮೊದಮೊದಲು ಬಂದ ನಾಲ್ಕು ಜನ ಯಾವ ಕಡೆ ವಾಲಿದರು ಅನ್ನುವುದರ ಮೇಲೆ ಎಲ್ಲವೂ ನಿಂತಿತ್ತು.

2013ರಲ್ಲಿ ಲೆವ್ ಮುಚ್ನಿಕ್, ಸಿನಾನ್ ಅರಲ್ ಮತ್ತು ಶಾನ್ ಟೇಲರ್ ಇನ್ನೂ ಸಣ್ಣ ತಂತ್ರ ಮಾಡಿದರು. ಒಂದು ಸುದ್ದಿ ಸೈಟ್‌ನಲ್ಲಿ ಜನ ಬರೆದ ಕೆಲವು ಮಾತುಗಳಿಗೆ, ಅವು ಹುಟ್ಟಿದ ಕೂಡಲೇ ತಾವೇ ಒಂದು ಲೈಕ್ ಹಾಕಿಬಿಟ್ಟರು. ಒಂದೇ ಒಂದು. ಕೊನೆಗೆ ಆ ಮಾತುಗಳ ಅಂಕ ಉಳಿದವಕ್ಕಿಂತ ಸರಾಸರಿ ಶೇ 25 ಜಾಸ್ತಿಯಾಗಿತ್ತು. ಸುಳ್ಳು ಡಿಸ್‌ಲೈಕ್ ಹಾಕಿದಾಗ ಮಾತ್ರ ಜನ ಬಂದು ಅದನ್ನು ಸರಿಮಾಡಿದರು. ಅಂದರೆ ಸುಳ್ಳು ಹೊಗಳಿಕೆ ಅಂಟಿಕೊಳ್ಳುವಷ್ಟು ಸುಲಭವಾಗಿ ಸುಳ್ಳು ತೆಗಳಿಕೆ ಅಂಟಿಕೊಳ್ಳಲಿಲ್ಲ. ಪ್ರಚಾರದವರಿಗೆ ಇದು ಪ್ರಯೋಗಕ್ಕೆ ಮೊದಲೇ ಗೊತ್ತಿತ್ತು ಅನಿಸುತ್ತದೆ.

ಮಧ್ಯಮ ಸಿನಿಮಾಗಳ ವಿಷಯದಲ್ಲೇ ಇದು ದೊಡ್ಡ ಪೆಟ್ಟು. ಅದ್ಭುತವಾಗಿದ್ದದ್ದು ಹೇಗೋ ದಾಟುತ್ತದೆ. ಎರಡೂವರೆಯಿಂದ ಮೂರೂವರೆ ಸ್ಟಾರ್ ನಡುವೆ ಇರುವ, ಅಂದರೆ ನಾವು ನೋಡುವ ಸಿನಿಮಾಗಳಲ್ಲಿ ದೊಡ್ಡ ಪಾಲು, ಮೊದಲ ಶೋನಲ್ಲಿ ಯಾರು ಕೂತಿದ್ದರು ಅನ್ನುವುದರ ಮೇಲೆ ತೇಲುತ್ತವೆ ಅಥವಾ ಮುಳುಗುತ್ತವೆ.

ಒಂದೇ ತೆರೆ, ಬೇರೆ ಬೇರೆ ಸಿನಿಮಾ

ಇಲ್ಲಿಯವರೆಗೆ ಹೇಳಿದ್ದು ಎಣಿಕೆಯ ತೊಂದರೆ. ಅದಕ್ಕಿಂತ ಮಜವಾದ ತೊಂದರೆ ನೋಡುವ ಕಣ್ಣಿನದ್ದು.

1951ರ ನವೆಂಬರ್‌ನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಒಂದು ಫುಟ್‌ಬಾಲ್ ಪಂದ್ಯ ನಡೆಯಿತು. ಪೂರ್ತಿ ಒರಟಾಟ. ಪ್ರಿನ್ಸ್‌ಟನ್ನಿನ ಸ್ಟಾರ್ ಆಟಗಾರನ ಮೂಗು ಮುರಿಯಿತು, ಡಾರ್ಟ್‌ಮತ್ತಿನ ಒಬ್ಬನ ಕಾಲು ಮುರಿಯಿತು. ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಅನ್ನುವ ಮನಶ್ಶಾಸ್ತ್ರಜ್ಞರು ಆ ಪಂದ್ಯದ ಫಿಲ್ಮನ್ನೇ ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ಕಂಡ ತಪ್ಪುಗಳನ್ನು ಗುರುತು ಮಾಡಲು ಹೇಳಿದರು. ಡಾರ್ಟ್‌ಮತ್ ತಂಡ ಎಷ್ಟು ತಪ್ಪು ಮಾಡಿತು? ಡಾರ್ಟ್‌ಮತ್ ಹುಡುಗರಿಗೆ ಕಂಡದ್ದು ಸರಾಸರಿ 4.3. ಪ್ರಿನ್ಸ್‌ಟನ್ ಹುಡುಗರಿಗೆ ಕಂಡದ್ದು 9.8. ರೀಲು ಒಂದೇ. 1954ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ಹಾಗೆಯೇ ಕಾಣಿಸಿತ್ತು ಅನ್ನುವುದು ಅದರ ಸಾರ.

ಹೀರೋ ಅಭಿಮಾನಿ ಸಿನಿಮಾ ನೋಡುವುದೂ ಹೀಗೇ ಅಲ್ವಾ? ಹೀರೋ ಎಂಟ್ರಿಗೆ ಹತ್ತು ನಿಮಿಷದ ಬಿಲ್ಡಪ್ ಇದ್ದರೆ ಅವನಿಗೆ ಅದು ಹಬ್ಬ. ಪಕ್ಕದಲ್ಲಿ ಕೂತವನಿಗೆ ಕಥೆ ನಿಂತುಹೋದ ಹತ್ತು ನಿಮಿಷ. ಇಬ್ಬರೂ ಹೊರಗೆ ಬಂದು ಪ್ರಾಮಾಣಿಕವಾಗಿಯೇ ಬರೆಯುತ್ತಾರೆ. ಒಬ್ಬನನ್ನು ಇನ್ನೊಬ್ಬ ‘ಪೇಯ್ಡ್’ ಅನ್ನುತ್ತಾನೆ.

ನೆನಪು ಇನ್ನೊಂದು ಆಟ ಆಡುತ್ತದೆ. ಬಾರ್ಬರಾ ಫ್ರೆಡ್ರಿಕ್‌ಸನ್ ಮತ್ತು ಡೇನಿಯಲ್ ಕಾನೆಮನ್ 1993ರಲ್ಲಿ ಜನರಿಗೆ ಸಣ್ಣ ಸಣ್ಣ ಫಿಲ್ಮ್ ತುಣುಕು ತೋರಿಸಿದರು. ಕೆಲವು ಖುಷಿ ಕೊಡುವವು, ಕೆಲವು ಅಸಹ್ಯ ಹುಟ್ಟಿಸುವವು. ಒಂದೊಂದಕ್ಕೂ ಗಿಡ್ಡ ಆವೃತ್ತಿ, ಉದ್ದ ಆವೃತ್ತಿ ಇತ್ತು. ಆಮೇಲೆ ಹೇಗಿತ್ತು ಅಂತ ಕೇಳಿದರೆ, ಎಷ್ಟು ಹೊತ್ತು ನಡೆಯಿತು ಅನ್ನುವುದಕ್ಕೆ ಉತ್ತರದಲ್ಲಿ ಹೆಚ್ಚು ಬೆಲೆಯೇ ಇರಲಿಲ್ಲ. ಅತಿ ತೀವ್ರವಾದ ಕ್ಷಣ ಮತ್ತು ಕೊನೆಯ ಕ್ಷಣ, ಇವೆರಡೇ ಅಭಿಪ್ರಾಯವನ್ನು ಕಟ್ಟಿದ್ದವು. ‘ಕ್ಲೈಮ್ಯಾಕ್ಸ್ ಒಂದು ಸರಿ ಇದ್ದಿದ್ರೆ’ ಅನ್ನುವ ಮಾತು ಪ್ರತಿ ಎರಡನೇ ಅಭಿಪ್ರಾಯದಲ್ಲಿ ಬರುವುದಕ್ಕೆ ಇದೂ ಒಂದು ಕಾರಣ. ಒಂದೂಮುಕ್ಕಾಲು ಗಂಟೆ ಚೆನ್ನಾಗಿ ನಡೆದು ಕೊನೆಯ ಕಾಲು ಗಂಟೆ ಎಡವಿದ ಸಿನಿಮಾವನ್ನು ಕೆಟ್ಟ ಸಿನಿಮಾ ಅಂತಲೇ ನೆನಪಿಟ್ಟುಕೊಳ್ಳುತ್ತೇವೆ. ಮೂರು ಹಾಡು, ಒಂದು ಫೈಟು, ಒಂದು ಅಳು ತರಿಸುವ ಕೊನೆ ಇದ್ದರೆ ನಡುವಿನ ಒಂದು ಗಂಟೆಯ ಲ್ಯಾಗನ್ನು ಮಾಫಿ ಮಾಡಿಬಿಡುತ್ತೇವೆ.

ಇನ್ನು ಯಾರ ಜೊತೆ, ಎಲ್ಲಿ ನೋಡಿದೆವು ಅನ್ನುವುದು. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ 1967ರದ್ದು. ನ್ಯೂಸ್‌ವೀಕ್ ಪತ್ರಿಕೆಯ ವಿಮರ್ಶಕ ಜೋ ಮಾರ್ಗೆನ್‌ಸ್ಟರ್ನ್ ‘ಬಾನಿ ಅಂಡ್ ಕ್ಲೈಡ್’ ಸಿನಿಮಾವನ್ನು ಮೂರ್ಖರಿಗಾಗಿ ಮಾಡಿದ ಹೊಲಸು ಗುಂಡಿನಾಟ ಅನ್ನುವ ಅರ್ಥದಲ್ಲಿ ಬೈದು ಬರೆದರು. ಆಮೇಲೆ ಹೆಂಡತಿ ಜೊತೆ ಮಾಮೂಲಿ ಥಿಯೇಟರ್‌ಗೆ ಹೋಗಿ, ಜನರ ನಡುವೆ ಕೂತು ಅದನ್ನೇ ಮತ್ತೆ ನೋಡಿದರು. ಜನ ನಗುತ್ತಿದ್ದರು, ಮರುಕ್ಷಣ ಗಪ್‌ಚುಪ್ ಆಗುತ್ತಿದ್ದರು. ನಗು ಬಂದ ಗಂಟಲಲ್ಲೇ ಭಯ ಸಿಕ್ಕಿಕೊಳ್ಳುವಂತೆ ಮಾಡುವುದೇ ಆ ಸಿನಿಮಾದ ಕಸುಬು. ಅದು ಅವರಿಗೆ ಆಗ ಹೊಳೆಯಿತು. ಮುಂದಿನ ವಾರದ ಸಂಚಿಕೆಯಲ್ಲೇ, ಹಿಂದಿನ ವಾರದ ನನ್ನ ವಿಮರ್ಶೆ ಅನ್ಯಾಯದ್ದು ಅಂತ ಅಚ್ಚು ಹಾಕಿಸಿದರು. ಆ ಸಿನಿಮಾ ಮುಂದೆ ಎರಡು ಆಸ್ಕರ್ ಗೆದ್ದಿತು. ಅದೇ ಸಿನಿಮಾವನ್ನು ಬಿಡದೆ ಬೈದ ನ್ಯೂಯಾರ್ಕ್ ಟೈಮ್ಸ್‌ನ ಬಾಸ್ಲಿ ಕ್ರೌದರ್ ಸ್ವಲ್ಪ ಕಾಲದಲ್ಲೇ ಆ ಹುದ್ದೆಯಿಂದ ಹೊರಗಿದ್ದರು.

ಇವತ್ತು ಹೀಗೆ ಮಾತು ಬದಲಿಸುವುದು ಕಷ್ಟ. ಯಾರೋ ಹಳೆಯ ಪೋಸ್ಟಿನ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಕಾಯುತ್ತಿರುತ್ತಾರೆ.

ಬಾಂಬು ಹಾಕುವವರು, ದುಡ್ಡು ಕೊಡುವವರು

2016ರಲ್ಲಿ ‘ಘೋಸ್ಟ್‌ಬಸ್ಟರ್ಸ್’ ಹೊಸದಾಗಿ ಬಂತು. ಮುಖ್ಯ ಪಾತ್ರಗಳಲ್ಲಿ ನಾಲ್ವರು ಮಹಿಳೆಯರು. ಬಿಡುಗಡೆಗೆ ಮೊದಲೇ ಐಎಂಡಿಬಿಯಲ್ಲಿ ಸಾವಿರಾರು ಜನ ಕಡಿಮೆ ಅಂಕ ಕೊಟ್ಟು ಹೋಗಿದ್ದರು. ಗಂಡಸರ ಅಂಕಕ್ಕೂ ಹೆಂಗಸರ ಅಂಕಕ್ಕೂ ಅಜಗಜಾಂತರ. ಸಿನಿಮಾವೇ ಬಂದಿಲ್ಲ, ಅಭಿಪ್ರಾಯ ಬಂದಾಗಿದೆ! 2019ರ ಫೆಬ್ರವರಿಯಲ್ಲಿ, ‘ಕ್ಯಾಪ್ಟನ್ ಮಾರ್ವೆಲ್’ ಬಿಡುಗಡೆಗೆ ಸ್ವಲ್ಪ ಮುಂಚೆ, ರಾಟನ್ ಟೊಮ್ಯಾಟೋಸ್ ಎಚ್ಚೆತ್ತುಕೊಂಡಿತು. ಬಿಡುಗಡೆಗೆ ಮುಂಚೆ ಬರೆಯುವ ಅವಕಾಶವನ್ನೇ ಮುಚ್ಚಿತು. ಅದೇ ವರ್ಷ ಮೇ ತಿಂಗಳಲ್ಲಿ, ಟಿಕೆಟ್ ಕೊಂಡಿದ್ದು ಖಾತ್ರಿಯಾದವರ ವೋಟನ್ನು ಬೇರೆಯಾಗಿ ಎಣಿಸಲು ಶುರು ಮಾಡಿತು.

ಟಿಕೆಟ್ ಖಾತ್ರಿ ಮಾಡುವುದು ಒಳ್ಳೆಯ ಹೆಜ್ಜೆಯೇ. ಆದರೆ ಅದರಿಂದ ಅಂಕ ನಿಷ್ಪಕ್ಷಪಾತಿ ಆಗಿಬಿಡುವುದಿಲ್ಲ. ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ಕಾದಿರಿಸುವವರು ಯಾರು? ಜಾಸ್ತಿ ಪಾಲು ಅಭಿಮಾನಿಗಳು. ಅಂದರೆ ಬೈಯುವ ಗುಂಪನ್ನು ಹೊರಗಿಟ್ಟು ಹೊಗಳುವ ಗುಂಪನ್ನು ಒಳಗೆ ಬಿಟ್ಟಂತಾಯಿತು. ದೊಡ್ಡ ಸರಣಿ ಸಿನಿಮಾಗಳ ಪ್ರೇಕ್ಷಕ ಅಂಕ ಈಗೀಗ ಆಕಾಶ ಮುಟ್ಟುತ್ತಿರುವುದಕ್ಕೆ ಇದೇ ಕಾರಣ ಅಂತ ನನ್ನ ಅನುಮಾನ.

ಇನ್ನೊಂದು ಬದಿಯಲ್ಲಿ ದುಡ್ಡು. ಇದರ ಹಳೆಯ ಕಥೆಯೊಂದು ನಗು ತರಿಸುವಂಥದ್ದು. 2000ದ ಸುಮಾರಿಗೆ ಸೋನಿ ಕಂಪನಿಯ ಸಿನಿಮಾ ಜಾಹೀರಾತುಗಳಲ್ಲಿ ಡೇವಿಡ್ ಮ್ಯಾನಿಂಗ್ ಅನ್ನುವ ವಿಮರ್ಶಕನ ಹೊಗಳಿಕೆ ಪದೇ ಪದೇ ಬರುತ್ತಿತ್ತು. ಪತ್ರಿಕೆ ನಿಜವಾದದ್ದು, ಕನೆಟಿಕಟ್ ರಾಜ್ಯದ ಸಣ್ಣ ವಾರಪತ್ರಿಕೆ. ಆದರೆ ಅಂಥ ವಿಮರ್ಶಕ ಹುಟ್ಟಿಯೇ ಇರಲಿಲ್ಲ. ಕಂಪನಿಯ ಪ್ರಚಾರ ವಿಭಾಗದವರೇ ಅವನನ್ನು ಹುಟ್ಟಿಸಿದ್ದರು. 2001ರಲ್ಲಿ ಪತ್ರಕರ್ತರೊಬ್ಬರು ಬಯಲಿಗೆಳೆದರು. ಆ ಮಾತು ನಂಬಿ ಟಿಕೆಟ್ ಕೊಂಡೆವು ಅಂತ ಪ್ರೇಕ್ಷಕರು ಕೋರ್ಟಿಗೆ ಹೋದರು. 2005ರಲ್ಲಿ 15 ಲಕ್ಷ ಡಾಲರ್‌ಗೆ ರಾಜಿಯಾಯಿತು, ಟಿಕೆಟ್ ಒಂದಕ್ಕೆ 5 ಡಾಲರ್ ವಾಪಸ್. ವಿಮರ್ಶಕ ಇಲ್ಲದಿದ್ದರೂ ಹೊಗಳಿಕೆ ಇತ್ತು, ಹೊಗಳಿಕೆ ಸುಳ್ಳಾದರೂ ಟಿಕೆಟ್ ಮಾರಾಟವಾಗಿತ್ತು.

ಈಗಿನದ್ದು ಇಷ್ಟು ಒರಟಾಗಿ ಇರುವುದಿಲ್ಲ. 2023ರಲ್ಲಿ ಬಂದ ಒಂದು ವರದಿ ಪ್ರಕಾರ, ಒಂದು ಪ್ರಚಾರ ಸಂಸ್ಥೆ ಅಷ್ಟಾಗಿ ಹೆಸರು ಮಾಡದ ವಿಮರ್ಶಕರಿಗೆ 50 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಕೊಟ್ಟು ಬರೆಸುತ್ತಿತ್ತು. ಮೊದಲೇ ಹೇಳಿದ ಎರಡು ಡಬ್ಬದ ಲೆಕ್ಕ ನೆನಪಿಸಿಕೊಳ್ಳಿ. ಅಲ್ಲಿ ದೊಡ್ಡ ಪತ್ರಿಕೆಯ ವಿಮರ್ಶೆಗೂ ಸಣ್ಣ ಬ್ಲಾಗಿನ ವಿಮರ್ಶೆಗೂ ಒಂದೇ ಬೆಲೆ. ನೂರು ವಿಮರ್ಶೆ ಬಂದ ಸಿನಿಮಾ ಶೇ 58ರಲ್ಲಿ ನಿಂತಿದ್ದರೆ ಕೆಂಪು ಟೊಮ್ಯಾಟೊ ಆಗಲು ಬೇಕಾದದ್ದು ಇನ್ನೈದು ‘ಪರವಾಗಿಲ್ಲ’ ಮಾತ್ರ. ಅಷ್ಟು ಕೊಳ್ಳಲು ಒಂದು ಪೋಸ್ಟರ್ ಖರ್ಚೂ ಬೇಡ. 2024ರ ಅಕ್ಟೋಬರ್‌ನಿಂದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಹೊಸ ನಿಯಮ ಸುಳ್ಳು ವಿಮರ್ಶೆ ಬರೆಯುವುದನ್ನೂ ಕೊಳ್ಳುವುದನ್ನೂ ನಿಷೇಧಿಸಿದೆ, ಎಐ ಬರೆದದ್ದನ್ನೂ ಸೇರಿಸಿ.

ಒಂದು ಮಾತು ಇಲ್ಲಿ ಹೇಳಲೇಬೇಕು. ಗುಂಪುಕಟ್ಟಿ ಬೇಕಂತಲೇ ಅಂಕ ಇಳಿಸುವುದಕ್ಕೆ ‘ರಿವ್ಯೂ ಬಾಂಬಿಂಗ್’ ಅನ್ನುತ್ತಾರೆ, ಆ ಪದ ಈಗ ಸೋತ ನಿರ್ಮಾಪಕರ ಕೈಯಲ್ಲಿ ಗುರಾಣಿಯಾಗಿದೆ. ಸಿನಿಮಾ ಚೆನ್ನಾಗಿಲ್ಲದೆ ಜನ ಬೈದರೂ ಅದು ಪಿತೂರಿ. ಬೇಕಂತಲೇ ಮಾಡಿದ ದಾಳಿಗೆ ಗುರುತುಗಳಿರುತ್ತವೆ. ಒಂದೇ ರಾತ್ರಿಯಲ್ಲಿ ಬಂದ ರಾಶಿ ವೋಟು, ಹೊಸ ಖಾತೆಗಳು, ಒಂದೇ ತರಹದ ವಾಕ್ಯ, ಸಿನಿಮಾದ ಒಂದು ದೃಶ್ಯದ ಹೆಸರೂ ಇಲ್ಲದ ಬೈಗುಳ. ಇವು ಯಾವುವೂ ಇಲ್ಲದೆ ಜನ ಎರಡು ಸ್ಟಾರ್ ಕೊಟ್ಟಿದ್ದರೆ, ಅವರಿಗೆ ಸಿನಿಮಾ ಹಿಡಿಸಲಿಲ್ಲ ಅಂತ ಅರ್ಥ. ಟಿಕೆಟ್‌ಗೆ ದುಡ್ಡು ಕೊಟ್ಟವನಿಗೆ ಬೇಜಾರಾಯಿತು ಅಂತ ಹೇಳುವ ಹಕ್ಕೂ ಇಲ್ಲವಾ?

ಕೆಲಸಕ್ಕೆ ಬರುವ ಅಭಿಪ್ರಾಯ

ಎರಡು ಅಭಿಪ್ರಾಯ ಪಕ್ಕಪಕ್ಕ ಇಡೋಣ. ಸಿನಿಮಾ ಕಾಲ್ಪನಿಕ.

ಮೊದಲನೆಯದು: ‘ಫಸ್ಟ್ ಹಾಫ್ ಓಕೆ, ಸೆಕೆಂಡ್ ಹಾಫ್ ಲ್ಯಾಗ್. ಬಿಜಿಎಂ ಬೆಂಕಿ. ಒನ್ ಟೈಮ್ ವಾಚ್. 2.5/5.’

ಎರಡನೆಯದು: ‘ಅಪ್ಪ ತೀರಿಕೊಂಡ ಸುದ್ದಿ ಫೋನಿನಲ್ಲಿ ಬರುತ್ತದೆ. ಕ್ಯಾಮೆರಾ ಮಗಳ ಮುಖ ತೋರಿಸುವುದೇ ಇಲ್ಲ, ಬೆನ್ನು ಮಾತ್ರ. ಅಲ್ಲಿಯವರೆಗೆ ನಾನು ಸಿನಿಮಾದ ಒಳಗೇ ಇದ್ದೆ. ಆಮೇಲೆ ಅದೇ ದುಃಖವನ್ನು ಮೂರು ಸಲ ಡೈಲಾಗಿನಲ್ಲಿ ಹೇಳಿಸಿದರು. ನನಗೆ ಸಾಕಾಯಿತು.’

ಎರಡನೆಯದರಲ್ಲಿ ಸ್ಟಾರ್ ಇಲ್ಲ. ಆದರೂ ಓದಿದವರಿಗೆ ತಾವು ಹೋಗಬೇಕಾ ಬೇಡವಾ ಗೊತ್ತಾಗುತ್ತದೆ. ಮಾತು ಕಡಿಮೆ ಇರುವ ಸಿನಿಮಾ ಇಷ್ಟಪಡುವವನು ಮೊದಲರ್ಧಕ್ಕಾದರೂ ಹೋಗೋಣ ಅಂದುಕೊಳ್ಳುತ್ತಾನೆ. ಮನಸ್ಸು ಬಿಚ್ಚಿ ಅಳುವ ದೃಶ್ಯ, ತೂಕದ ಡೈಲಾಗು ಬೇಕು ಅನ್ನುವವಳು, ಅವನಿಗೆ ಸಾಕಾದದ್ದು ನನಗೆ ಬೇಕಾದದ್ದೇ ಅಂತ ಟಿಕೆಟ್ ತೆಗೆಯುತ್ತಾಳೆ. ಬೈದವನ ಮಾತು ಓದಿಯೇ ಒಬ್ಬಳು ಸಿನಿಮಾಕ್ಕೆ ಹೋದಳು. ಮೊದಲನೆಯದನ್ನು ಯಾವ ಸಿನಿಮಾದ ಕೆಳಗೆ ಬೇಕಾದರೂ ಅಂಟಿಸಬಹುದು. ಇದೇ ನನ್ನ ಪರೀಕ್ಷೆ. ಒಂದು ಅಭಿಪ್ರಾಯವನ್ನು ಎತ್ತಿ ಬೇರೆ ಸಿನಿಮಾದ ಕೆಳಗಿಟ್ಟರೂ ಸರಿಹೋದರೆ, ಅದರಿಂದ ಏನೂ ಗೊತ್ತಾಗಲಿಲ್ಲ.

ಬರೆದವರ ರುಚಿ ಗೊತ್ತಿದ್ದರೆ ಇನ್ನೂ ಒಳ್ಳೆಯದು. 2011ರಲ್ಲಿ ನ್ಯೂಜಿಲೆಂಡಿನಲ್ಲಿ ಶುರುವಾದ ಲೆಟರ್‌ಬಾಕ್ಸ್‌ಡ್ ಗೆದ್ದದ್ದು ಇಲ್ಲೇ ಅನಿಸುತ್ತದೆ. ಅದು ಸಿನಿಮಾದ ಸುತ್ತ ಅಲ್ಲ, ನೋಡುವವರ ಡೈರಿಯ ಸುತ್ತ ಕಟ್ಟಿದ ಜಾಗ. ಪ್ರತಿಯೊಬ್ಬರ ಪುಟದ ತಲೆಯ ಮೇಲೂ ನಾಲ್ಕು ಮೆಚ್ಚಿನ ಸಿನಿಮಾ. ಆ ನಾಲ್ಕನ್ನು ನೋಡಿದರೆ ಸಾಕು, ಇವರ ಮಾತಿಗೆ ನಾನು ಎಷ್ಟು ಬೆಲೆ ಕೊಡಬೇಕು ಅಂತ ಅಂದಾಜು ಸಿಗುತ್ತದೆ. ನಮ್ಮ ರುಚಿಗೆ ಪೂರ್ತಿ ಉಲ್ಟಾ ಇರುವವರೂ ಉಪಯೋಗಕ್ಕೆ ಬರುತ್ತಾರೆ. ಅವರು ಬೈದರೆ ಧೈರ್ಯವಾಗಿ ಹೋಗಬಹುದು! 2023ರ ಹೊತ್ತಿಗೆ ಅಲ್ಲಿ ಸದಸ್ಯರ ಸಂಖ್ಯೆ ಒಂದು ಕೋಟಿ ದಾಟಿತ್ತು. ಅದೇ ವರ್ಷ ಕೆನಡಾದ ಕಂಪನಿಯೊಂದು ಅದರ ದೊಡ್ಡ ಪಾಲು ಕೊಂಡಿತು. ಜನ ಜಾಸ್ತಿಯಾದ ಹಾಗೆ ಅಲ್ಲೂ ಒಂದು ರೋಗ ಬಂದಿದೆ. ಲೈಕು ಬೀಳುವುದು ಒಂದು ಸಾಲಿನ ಜೋಕಿಗೆ. ನಾಲ್ಕು ಪ್ಯಾರಾ ಕೂತು ಬರೆದವನದ್ದು ಕೆಳಗೆಲ್ಲೋ ಬಿದ್ದಿರುತ್ತದೆ.

ದೃಶ್ಯ ಹೇಳಿದರೆ ಸ್ಪಾಯ್ಲರ್ ಆಗುತ್ತದಲ್ಲ ಅನ್ನುವ ಭಯ ಇದೆ. ಅದು ಸ್ವಲ್ಪ ಅತಿಯಾಗಿದೆ. 2011ರಲ್ಲಿ ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟೆನ್‌ಫೆಲ್ಡ್ ಕೆಲವು ಸಣ್ಣಕಥೆಗಳ ಅಂತ್ಯವನ್ನು ಮೊದಲೇ ಹೇಳಿ ಓದಿಸಿದಾಗ, ಓದಿದವರ ಖುಷಿ ಕಡಿಮೆಯಾಗಲಿಲ್ಲ, ಸ್ವಲ್ಪ ಜಾಸ್ತಿಯೇ ಆಯಿತು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಉಲ್ಟಾ ಫಲವೂ ಬಂದಿದೆ. ಹಾಗಾಗಿ ಕೊಲೆ ಮಾಡಿದವನು ಯಾರು ಅಂತ ಹೇಳಬೇಡಿ, ಅದು ಮರ್ಯಾದೆ. ಆದರೆ ಟ್ವಿಸ್ಟ್ ಬಿಟ್ಟು ಹೇಳಬಹುದಾದ ದೃಶ್ಯಗಳು ಪ್ರತಿ ಸಿನಿಮಾದಲ್ಲೂ ಹತ್ತಾರು ಇರುತ್ತವೆ.

ಅಭಿಪ್ರಾಯಕ್ಕೆ ವಯಸ್ಸಾಗುವುದೂ ಉಂಟು. ಬ್ರಿಟನ್ನಿನ ಸೈಟ್ ಅಂಡ್ ಸೌಂಡ್ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಸಾರ್ವಕಾಲಿಕ ಶ್ರೇಷ್ಠ ಸಿನಿಮಾಗಳ ಪಟ್ಟಿ ಮಾಡುತ್ತದೆ. ಹಿಚ್‌ಕಾಕ್‌ರ ‘ವರ್ಟಿಗೊ’ ಬಂದಿದ್ದು 1958ರಲ್ಲಿ. 1962ರ ಮೊದಲ ಹತ್ತರಲ್ಲಿ ಅದು ಇರಲಿಲ್ಲ. 1972ರಲ್ಲೂ ಇಲ್ಲ. 1982ರಲ್ಲಿ ಏಳನೆಯದಾಗಿ ಒಳಗೆ ಬಂತು. 2012ರಲ್ಲಿ, ಐವತ್ತು ವರ್ಷ ಮೊದಲ ಸ್ಥಾನದಲ್ಲಿ ಕೂತಿದ್ದ ‘ಸಿಟಿಜನ್ ಕೇನ್’ ಚಿತ್ರವನ್ನೇ ಎಬ್ಬಿಸಿ ತಾನು ಕೂತಿತು. 2022ರಲ್ಲಿ ಅದೂ ಎರಡನೆಯದಾಯಿತು. ಶಾಂತಾಲ್ ಆಕರ್ಮನ್ ಅವರ 1975ರ ‘ಜ್ಯಾನ್ ಡೀಲ್ಮನ್’ ಮೊದಲು ಬಂತು. ಮಹಿಳೆ ನಿರ್ದೇಶಿಸಿದ ಸಿನಿಮಾ ಅಲ್ಲಿ ಮೊದಲ ಸ್ಥಾನ ಪಡೆದದ್ದು ಅದೇ ಮೊದಲು.

ಈ ಸಿನಿಮಾಗಳ ಒಂದು ಫ್ರೇಮ್ ಕೂಡ ಬದಲಾಗಿರಲಿಲ್ಲ. 2012ರಲ್ಲಿ ವೋಟು ಹಾಕಿದವರು 846 ಜನ, 2022ರಲ್ಲಿ 1,600ಕ್ಕೂ ಹೆಚ್ಚು. ಹೊಸಬರು, ಬೇರೆ ಬೇರೆ ದೇಶದವರು ಸೇರಿಕೊಂಡಿದ್ದರು. ಹಳಬರಲ್ಲಿ ಕೆಲವರು ಇದೇನು ಅನ್ಯಾಯ ಅಂತ ಗೊಣಗಿದರು. ವೋಟು ಹಾಕುವವರು ಬದಲಾದರೆ ಪಟ್ಟಿ ಬದಲಾಗುತ್ತದೆ, ಅದರಲ್ಲಿ ಅನ್ಯಾಯ ಏನಿದೆಯೋ ನನಗಂತೂ ಕಾಣಲಿಲ್ಲ. ಮುಂದಿನ ಪಟ್ಟಿ 2032ರಲ್ಲಿ ಬರಬೇಕು. ಆಗ ವೋಟು ಹಾಕುವವರಲ್ಲಿ ಕೆಲವರಾದರೂ, ಈಗ ತಮ್ಮ ಡೈರಿಯಲ್ಲಿ ಇನ್ನೊಂದು ಅರ್ಧ ಸ್ಟಾರ್ ಕೊಡಬೇಕೋ ಬೇಡವೋ ಅಂತ ತಲೆಕೆಡಿಸಿಕೊಂಡು ಕೂತಿರುವ ಹುಡುಗ ಹುಡುಗಿಯರೇ ಆಗಿರುತ್ತಾರೆ.